ಷರಾ ಬರೆಯುವ ಜಾಗ

ನಮ್ಮ ಅತ್ತೆಗೆ ಸಿಮೆಂಟು ಕಾರ್ಖಾನೆಯಲ್ಲಿ 'ಐದು ನಿಮಿಷ' ಎಂದು ಹೆಸರು. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನು ತಿರುಗಿಸಿದ ಮೇಲೆ ಐದು ನಿಮಿಷ. ಅದು ಅವಳಿಗೂ ಗೊತ್ತಿತ್ತು. "ಹತ್ತು ನಿಮಿಷ ಅಂತ ಕರೀಲಿಲ್ಲವಲ್ಲ, ಅಷ್ಟೇ ಪುಣ್ಯ" ಎನ್ನುತ್ತಿದ್ದಳು. ಅವಳು ನಮ್ಮಪ್ಪನ ಅಕ್ಕ. ಅಪ್ಪನನ್ನು ಓದಿಸಿದವಳು, ಅವನ ಮದುವೆ ಮಾಡಿದವಳು, ನನ್ನನ್ನು ಎತ್ತಿ ಆಡಿಸಿದವಳು. ಇಷ್ಟೆಲ್ಲ ಮಾಡುವ ಗಡಿಬಿಡಿಯಲ್ಲಿ ತನ್ನ ಮದುವೆಯ ವಿಷಯ ಯಾರಿಗೂ ನೆನಪಾಗದಂತೆ ನೋಡಿಕೊಂಡವಳು. ನನಗೆ ಅವಳ ಮೇಲೆ ಪ್ರೀತಿ ಎಷ್ಟಿದೆಯೋ ಸಿಟ್ಟೂ ಅಷ್ಟೇ ಇದೆ. ಎರಡಕ್ಕೂ ಕಾರಣ ಹೇಳುತ್ತೇನೆ.

ಹೆಸರು ಬಂದದ್ದು ಕೆಲಸದಿಂದ. ನಮ್ಮ ಕಾರ್ಖಾನೆಯಲ್ಲಿ ಮಾಮೂಲಿ ಸಿಮೆಂಟಿನ ಜೊತೆಗೆ ನೀರು ಹಿಡಿಯದ ಸಿಮೆಂಟೂ ತಯಾರಾಗುತ್ತದೆ. ಅರೆಯುವಾಗ ಒಂದು ಬಗೆಯ ಜಿಡ್ಡಿನ ಆಮ್ಲವನ್ನು ಚೂರೇ ಚೂರು ಸೇರಿಸುತ್ತಾರೆ. ಅದು ಕಣಕಣದ ಮೇಲೂ ತೆಳ್ಳಗೆ ಪದರ ಕಟ್ಟುತ್ತದೆ. ಆ ಪದರ ಇರುವ ತನಕ ಗಾಳಿಯ ತೇವ ಒಳಗೆ ಇಳಿಯುವುದಿಲ್ಲ, ಸಿಮೆಂಟು ಮೂಟೆಯಲ್ಲೇ ಕಲ್ಲಾಗುವುದಿಲ್ಲ. ಜಲ್ಲಿ ಮರಳಿನ ಜೊತೆ ಹಾಕಿ ಜೋರಾಗಿ ಕಲಸಿದಾಗ ಉಜ್ಜಾಟಕ್ಕೆ ಪದರ ಹರಿಯುತ್ತದೆ. ಆಮೇಲೆ ಅದೂ ಎಲ್ಲ ಸಿಮೆಂಟಿನ ಹಾಗೆ ನೀರು ಕುಡಿದು ಗಟ್ಟಿಯಾಗುತ್ತದೆ. ತೇವದ ಊರುಗಳಿಗೆ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಬಿದ್ದಿರಬೇಕಾದ ಕಡೆಗೆ ಈ ಸಿಮೆಂಟು ಹೋಗುತ್ತದೆ.

ಇದರ ಮೂಟೆಯ ಮೇಲೆ ಗುಣಮಟ್ಟದ ಗುರುತು ಒತ್ತುವುದು ಸುಮ್ಮನೆ ಮಾತಲ್ಲ. ಪ್ರತಿ ಲೋಡಿನಿಂದಲೂ ಸ್ಯಾಂಪಲ್ ತೆಗೆಯಬೇಕು. ತಟ್ಟೆಯಲ್ಲಿ ಸಿಮೆಂಟು ಹರಡಿ ಮೇಲೆ ನೀರಿನ ಹನಿ ಬಿಟ್ಟರೆ, ಆ ಹನಿ ಐದು ನಿಮಿಷ ಇಂಗದೆ ನಿಲ್ಲಬೇಕು. ಮರಳಿನ ಜೊತೆ ಕಲಸಿ, ಅಚ್ಚಿನಲ್ಲಿ ಕ್ಯೂಬು ಮಾಡಿ, ನೀರಿನಲ್ಲಿಟ್ಟು ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಒಡೆದು ಬಲ ನೋಡಬೇಕು. ಏಳನೇ ದಿನದ್ದು ಸರಿಯಿದ್ದರೆ ಲೋಡು ಸರ್ಟಿಫಿಕೇಟಿನ ಜೊತೆ ಹೊರಡುತ್ತದೆ. ಇಪ್ಪತ್ತೆಂಟನೇ ದಿನದ ಫಲಿತಾಂಶ ಬೇರೆ ಕಾಗದದಲ್ಲಿ ಹಿಂದಿನಿಂದ ಹೋಗುತ್ತದೆ. ಯಾವ ಪರೀಕ್ಷೆ ಸೋತರೂ ಕಾರ್ಖಾನೆಯವರೇ ಕೈಯಾರೆ ಗುರುತು ಒತ್ತುವುದನ್ನು ನಿಲ್ಲಿಸಿ, ಅಂದೇ ಗುರುತಿನ ಪರವಾನಗಿ ಕೊಟ್ಟ ಸರ್ಕಾರಿ ಕಚೇರಿಗೆ ತಿಳಿಸಬೇಕು. ನಿಲ್ಲಿಸುವುದು ನಮ್ಮ ಕೈಯಲ್ಲಿದೆ, ಮತ್ತೆ ಶುರುಮಾಡುವುದು ಅವರ ಕೈಯಲ್ಲಿದೆ. ಈ ಮಾತು ನೆನಪಿನಲ್ಲಿಡಿ. ಅತ್ತೆ ಮುಗ್ಗರಿಸಿದ್ದು ಇಲ್ಲೇ.

ಬೇರೆಯವರು ಹನಿ ಬಿಟ್ಟು ಚಹಾ ಕುಡಿದು ಬಂದು ನೋಡುತ್ತಾರೆ. ಅತ್ತೆ ಹಾಗಲ್ಲ. ಎತ್ತರದ ಸ್ಟೂಲು ಎಳೆದುಕೊಂಡು, ಮೊಣಕೈ ಮೇಜಿಗೆ ಊರಿ, ಐದು ನಿಮಿಷವೂ ಹನಿಯನ್ನೇ ನೋಡುತ್ತ ಕೂರುತ್ತಾಳೆ. ಆಗ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ ತಡೆಯುತ್ತಾಳೆ. ಒಮ್ಮೆ ಮ್ಯಾನೇಜರ್ ಬಂದು ನಿಂತಾಗಲೂ ಹಾಗೇ ಕೈ ಎತ್ತಿದಳಂತೆ. ಪಾಪ, ಆ ಮನುಷ್ಯ ಐದು ನಿಮಿಷ ಬಾಗಿಲ ಬಳಿ ಕಾದು ನಿಂತಿದ್ದರಂತೆ.

ನಾನು ಅದೇ ಲ್ಯಾಬಿಗೆ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಮೊದಲ ದಿನ ಸ್ಯಾಂಪಲ್ ತಟ್ಟೆಗೆ ಸುರಿದು, ಉಬ್ಬುತಗ್ಗು ಕಂಡು, ಮಟ್ಟ ಮಾಡಲು ಕರಣೆ ತೆಗೆದುಕೊಂಡೆ. ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಸವರಬೇಡ."

"ಉಬ್ಬು ಇದೆ ಅತ್ತೆ."

"ಇರ್ಲಿ. ಸುರಿದು ಬಿಟ್ಬಿಡು. ಚೆಂದ ಮಾಡೋಕೆ ಹೋಗ್ಬೇಡ."

ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಮಣಿಕಟ್ಟು ಕೆಂಪಗಾಯಿತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಯಾಕೆ ಎಂದು ಆಗ ತಿಳಿಯಲಿಲ್ಲ. ತಿಳಿದದ್ದು ಮರುವರ್ಷ, ಕಚೇರಿಯ ಇನ್ಸ್‌ಪೆಕ್ಟರ್ ತಪಾಸಣೆಗೆ ಬರುವ ಮುಂಚೆ ಹಳೆಯ ಕಾಗದಗಳನ್ನು ತೆಗೆದು ಬೀರು ಖಾಲಿ ಮಾಡುವಾಗ. ಎಲ್ಲ ಫೈಲುಗಳನ್ನೂ ಐದು ವರ್ಷದ ಮೇಲೆ ಎಸೆಯಬಹುದು. ಒಂದು ಫೈಲು ಮಾತ್ರ ಎಂಟು ವರ್ಷದಷ್ಟು ಹಳೆಯದು, ಬಟ್ಟೆಯಲ್ಲಿ ಸುತ್ತಿ ಒಳಗಿನ ಮೂಲೆಯಲ್ಲಿ ಇಟ್ಟಿತ್ತು. ಮೇಲೆ 'ಬಂದರು' ಎಂದು ಬರೆದಿತ್ತು. ಎಸೆಯುವ ಮುಂಚೆ ತೆರೆದು ನೋಡಿದೆ. ನಿಂತವಳು ಅಲ್ಲೇ ನೆಲದ ಮೇಲೆ ಕೂತೆ.

ಅದರಲ್ಲಿದ್ದದ್ದು ಬರಿಯ ಫಾರಂಗಳು. ನಮ್ಮಿಂದ ಹೋದ ಸರ್ಟಿಫಿಕೇಟುಗಳ ನಕಲು, ಬಂದರಿನ ಕೆಲಸದ ಜಾಗದಿಂದ ವಾಪಸು ಬಂದ ಸ್ವೀಕೃತಿ ಕಾಗದಗಳು. ಎಲ್ಲ ಫಾರಂನ ತಳದಲ್ಲೂ ಷರಾ ಎಂದು ಒಂದು ಖಾನೆ ಇರುತ್ತದೆ. ನಲವತ್ತು ವರ್ಷದಿಂದ ಎಲ್ಲರೂ ಅಲ್ಲಿ 'ಇಲ್ಲ' ಎಂದು ಬರೆಯುತ್ತಾರೆ. ಈ ಫೈಲಿನಲ್ಲಿ ಮಾತ್ರ ಆ ಖಾನೆ ತುಂಬಿ ಅಂಚಿಗೂ ಹರಿದಿತ್ತು.

ಅತ್ತೆಯನ್ನು ಕೇಳಿದೆ. ಮೊದಲು ಬೈದಳು, ಆಮೇಲೆ ಹೇಳಿದಳು.

ಅವಳಿಗೆ ನಲವತ್ತೊಂದು ನಡೆಯುತ್ತಿದ್ದಾಗ ದೂರದ ಬಂದರಿನಲ್ಲಿ ದೋಣಿ ನಿಲ್ಲುವ ದಕ್ಕೆ ಕಟ್ಟಲು ಶುರುಮಾಡಿದ್ದರು. ಆರ್ಡರು ಕೊಡುವ ಮುಂಚೆ ನಮ್ಮ ಲ್ಯಾಬನ್ನು ನೋಡಿ ಹೋಗಲು ಅಲ್ಲಿಯ ಸಾಮಾನು ಪರೀಕ್ಷಿಸುವ ಅಧಿಕಾರಿ ಬಂದರು. ಅತ್ತೆ ಇವತ್ತಿಗೂ ಅವರನ್ನು 'ಬಂದರಿನವರು' ಎಂದೇ ಹೇಳುವುದು. ಹಣೆಯ ಮೇಲೆ ಹಳೆಯ ಗಾಯದ ಗೆರೆ, ತೋಳು ಮಡಚಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಅತ್ತೆ ಹನಿ ಬಿಟ್ಟು ಕೂತಳು. ಅವರೂ ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಗಡಿಯಾರ ನೋಡಲಿಲ್ಲ, ಮಾತಾಡಲಿಲ್ಲ, ಐದು ನಿಮಿಷವೂ ಅವಳ ಜೊತೆ ಹನಿ ನೋಡಿದರು. ಅವಳ ನೌಕರಿಯಲ್ಲಿ ಹಾಗೆ ಮಾಡಿದವರು ಅವರೊಬ್ಬರೇ.

"ಐದು ನಿಮಿಷ ಇಷ್ಟು ಉದ್ದ ಇರುತ್ತೆ ಅಂತ ಗೊತ್ತಿರ್ಲಿಲ್ಲ" ಎಂದರಂತೆ ಎದ್ದಾಗ.

"ಕೂತು ನೋಡಿದ್ರೆ ಉದ್ದ. ಬೇರೆ ಕೆಲಸ ಮಾಡಿದ್ರೆ ಕಾಣ್ಸೋದೇ ಇಲ್ಲ" ಎಂದಳಂತೆ ಅತ್ತೆ.

ಭೇಟಿ ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ಅವರು ಹೋದರು. ಮುಂದಿನ ಮೂರು ವರ್ಷ ಕಾಗದಗಳದು.

ಮೊದಲ ಸ್ವೀಕೃತಿಯ ಷರಾ ಹೀಗಿತ್ತು: 'ಗೋದಾಮು ಸೋರುತ್ತಿದೆ. ಸಿಮೆಂಟಿಗೆ ಏನೂ ಆಗಿಲ್ಲ. ನನಗೆ ನೆಗಡಿ.' ಅತ್ತೆ ಈ ಕಾಗದವನ್ನು ಎಷ್ಟು ಸಲ ಓದಿದಳೋ. ಇಪ್ಪತ್ತೆಂಟನೇ ದಿನದ ಫಲಿತಾಂಶ ಕಳಿಸುವಾಗ ಅವಳೂ ಬರೆದಳು: 'ಬಲ ಸರಿಯಿದೆ. ಬಿಸಿನೀರಿನ ಹಬೆ ತೆಗೆದುಕೊಳ್ಳಿ.' ಅದಕ್ಕೆ ಬಂದ ಉತ್ತರ: 'ಸಲಹೆ ಬರುವಷ್ಟರಲ್ಲಿ ನೆಗಡಿ ಹೋಗಿತ್ತು. ಇನ್ನೊಂದು ಬರಲೆಂದು ಕಾದು ಹಬೆ ತೆಗೆದುಕೊಂಡೆ.'

ಓದುತ್ತ ನಾನು ನಕ್ಕೆ. ಅತ್ತೆ ನಗಲಿಲ್ಲ. ಅವಳ ಕಿವಿ ಕೆಂಪಾಗಿತ್ತು.

ಇನ್ನೊಂದರಲ್ಲಿ ಅವರು ಬರೆದಿದ್ದರು: 'ದಕ್ಕೆಯ ಮೆಟ್ಟಿಲು ಮುಗಿದವು. ಸಂಜೆ ಕೆಲಸ ಬಿಟ್ಟ ಮೇಲೆ ಅಲ್ಲಿ ಕೂರುತ್ತೇನೆ. ನೀವು ನೋಡಿ ಕಳಿಸಿದ ಸಿಮೆಂಟು, ಹಾಗಾಗಿ ಬಟ್ಟೆ ಒದ್ದೆಯಾಗುವುದಿಲ್ಲ.' ಅತ್ತೆಗೆ ತಪ್ಪು ಕಂಡರೆ ಸುಮ್ಮನಿರಲು ಬರುತ್ತದೆಯೇ? ಬರೆದಳು: 'ಕಲಸಿದ ಮೇಲೆ ಪದರ ಉಳಿಯುವುದಿಲ್ಲ. ಬಟ್ಟೆ ಖಂಡಿತ ಒದ್ದೆಯಾಗುತ್ತದೆ. ಚಾಪೆ ಹಾಸಿಕೊಳ್ಳಿ.' ಅವರ ಉತ್ತರ: 'ಚಾಪೆ ದೊಡ್ಡದು ತಂದಿದ್ದೇನೆ. ಒಬ್ಬನೇ ಕೂರುವುದಕ್ಕೆ ಜಾಗ ಹೆಚ್ಚಾಯಿತು.'

ಇಷ್ಟು ಓದಿದ ಮೇಲೆ ನನಗೆ ರೇಗಿತು.

"ಕಾಗದದ ಮೇಲ್ಗಡೆ ಫೋನ್ ನಂಬರ್ ಇದ್ಯಲ್ಲ ಅತ್ತೆ. ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ಏನಂತ ಮಾಡ್ಲಿ?"

"ಬರ್ತೀನಿ ಅಂತ. ಇಲ್ಲ ಬನ್ನಿ ಅಂತ."

"ಫೋನಲ್ಲಿ ಎಲ್ಲಾನೂ ಮೇಲ್ಗಡೆನೇ ಹೇಳ್ಬೇಕು ಕಣೇ. ಕೆಳಗಡೆ ಷರಾ ಅಂತ ಜಾಗ ಇರಲ್ಲ."

ಇಂಥವಳ ಜೊತೆ ಹೇಗೆ ಏಗುವುದು. ಆದರೂ ಅವರಾಗಿಯೇ ಬರುವ ದಿನ ಬಂದಿತ್ತು. ಮೂರನೇ ವರ್ಷದ ಕೊನೆಯಲ್ಲಿ ಒಂದು ಸ್ವೀಕೃತಿಯ ತಳದಲ್ಲಿ ಹೀಗೆ ಬರೆದಿತ್ತು: 'ಆರ್ಡರು ಇನ್ನೆರಡು ವರ್ಷ ಮುಂದುವರಿಸುವ ಮಾತಿದೆ. ಗುರುವಾರ ಲ್ಯಾಬು ನೋಡಲು ನಾನೇ ಬರುತ್ತೇನೆ. ಈ ಸಲ ಮಧ್ಯಾಹ್ನದ ಬಸ್ಸಿಗೆ ಹೊರಡುವುದಿಲ್ಲ.'

ಬುಧವಾರ ಅತ್ತೆ ಲ್ಯಾಬಿನ ಕಿಟಕಿ ಗಾಜು ಒರೆಸಿದಳು. ಎರಡೂ ಸ್ಟೂಲು ತೊಳೆದಳು. ಡ್ರಾಪರ್ ಹೊಸದು ತೆಗೆದಳು. ಅಂದು ಹೊಸ ಲೋಡಿನ ಹನಿ ಪರೀಕ್ಷೆ ಇತ್ತು. ತಟ್ಟೆಗೆ ಸಿಮೆಂಟು ಸುರಿದಳು. ನಾಳೆ ಅವರು ಇದೇ ತಟ್ಟೆ ನೋಡುತ್ತಾರೆ ಅನಿಸಿತು. ಮೇಲೆ ಸಣ್ಣ ಉಬ್ಬು ಇತ್ತು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಮಾಡದ್ದನ್ನು ಅಂದು ಮಾಡಿದಳು. ಕರಣೆಯ ಬೆನ್ನಿನಿಂದ ಒತ್ತಿ ಒತ್ತಿ, ಹಿಂದಕ್ಕೂ ಮುಂದಕ್ಕೂ ಉಜ್ಜಿ, ಕನ್ನಡಿಯ ಹಾಗೆ ನುಣುಪು ಮಾಡಿದಳು. ಆಮೇಲೆ ಹನಿ ಬಿಟ್ಟು ಕೂತಳು.

ಎರಡನೇ ನಿಮಿಷಕ್ಕೆ ಒಂದು ಹನಿ ಇಂಗಿತು. ಮೂರನೇ ನಿಮಿಷಕ್ಕೆ ಇನ್ನೆರಡು. ತಟ್ಟೆಯಲ್ಲಿ ಕಪ್ಪು ಚುಕ್ಕೆಗಳು ಉಳಿದವು.

ಮತ್ತೆ ಸ್ಯಾಂಪಲ್ ತೆಗೆದಳು, ಮತ್ತೆ ಸುರಿದಳು, ಮತ್ತೆ ಹಾಗೇ ಸವರಿದಳು. ಮತ್ತೆ ಹನಿ ಇಂಗಿತು. ಮ್ಯಾನೇಜರ್ ಬಂದು ನೋಡಿದರು.

"ಇವತ್ತು ಏನೂ ಬರೀಬೇಡಿ ಅಕ್ಕ. ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡೋಣ" ಎಂದರು.

"ಇಂಗಿದ್ದು ಇವತ್ತು ಸರ್" ಎಂದಳು ಅತ್ತೆ.

ಬರೆದಳು. ತನ್ನ ಕೈಯಾರೆ ಗುರುತು ನಿಲ್ಲಿಸಿದಳು. ಮೂರು ಗಂಟೆಗೆ ಕಚೇರಿಗೆ ಕಾಗದ ಹೋಯಿತು, ಬಂದರಿಗೆ ಫೋನು ಹೋಯಿತು. ಗುರುತಿಲ್ಲದ ಸಿಮೆಂಟು ಅಲ್ಲಿಗೆ ಹೋಗುವಂತಿಲ್ಲ, ಆದ್ದರಿಂದ ನೋಡಲು ಬರುವ ಕೆಲಸವೂ ಇಲ್ಲ. ಗುರುವಾರದ ಭೇಟಿ ರದ್ದಾಯಿತು.

ಐದೂವರೆಗೆ ನಲ್ಲಿಯ ಕೆಳಗೆ ಕರಣೆ ತೊಳೆಯುತ್ತ ನಿಂತಳು. ಬೇರೆ ದಿನ ಈ ಸಿಮೆಂಟು ಒಣ ಹಿಟ್ಟಿನಂತೆ ಉದುರಿ ಹೋಗುತ್ತಿತ್ತು, ನೀರು ಹಿಡಿಯುತ್ತಿರಲಿಲ್ಲ. ಅಂದು ಕರಣೆಯ ಬೆನ್ನಿಗೆ ಬೂದು ಬಣ್ಣದ ಕೆಸರು ಅಂಟಿಕೊಂಡಿತ್ತು. ಬೆರಳಿನಿಂದ ಮುಟ್ಟಿದಳು. ತಿಳಿಯಿತು. ಪದರ ಹರಿದದ್ದು ಗಿರಣಿಯಲ್ಲಲ್ಲ, ತನ್ನ ಕರಣೆಯ ಕೆಳಗೆ. ಸಿಮೆಂಟು ಸರಿಯಾಗಿಯೇ ಇತ್ತು.

ನಲ್ಲಿ ನಿಲ್ಲಿಸದೆ ಮ್ಯಾನೇಜರ್ ಕೋಣೆಗೆ ಓಡಿದಳಂತೆ. ಅವರು ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಾಗದ ಹೋಯ್ತಲ್ಲ ಅಕ್ಕ" ಎಂದರು. ಒಮ್ಮೆ ನಿಲ್ಲಿಸಿದ ಮೇಲೆ ನಮ್ಮ ಲ್ಯಾಬಿನ ಮಾತು ನಡೆಯುವುದಿಲ್ಲ. ಮೊಹರು ಹಾಕಿಟ್ಟ ಇನ್ನೊಂದು ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗಿ, ಇಪ್ಪತ್ತೆಂಟು ದಿನ ಕಳೆದು, ಅವರು ಸರಿ ಎಂದ ಮೇಲೆ ಕಚೇರಿ ಒಪ್ಪಬೇಕು. ಎಲ್ಲ ಹಾಗೇ ಆಯಿತು, ಸಿಮೆಂಟು ಸರಿಯೆಂದು ಬಂತು. ಆದರೆ ಅರ್ಧ ಕಟ್ಟಿದ ದಕ್ಕೆ ಅಷ್ಟು ದಿನ ಕಾಯುತ್ತದೆಯೇ? ಆರ್ಡರು ಬೇರೆ ಕಾರ್ಖಾನೆಗೆ ಹೋಗಿತ್ತು.

ಒಂದು ಕಾಗದ ಮಾತ್ರ ಕಳಿಸಲು ಬಾಕಿಯಿತ್ತು, ಹಿಂದಿನ ಲೋಡಿನ ಇಪ್ಪತ್ತೆಂಟನೇ ದಿನದ್ದು. ಅದರ ತಳದಲ್ಲಿ ಅತ್ತೆ ಬರೆದಳು: 'ತಪ್ಪು ಸಿಮೆಂಟಿನದಲ್ಲ, ನನ್ನದು. ನೀವು ನೋಡುವಾಗ ಚೆಂದ ಕಾಣಲಿ ಎಂದು ಸವರಿದೆ.' ಅದಕ್ಕೆ ಬಂದದ್ದೇ ಫೈಲಿನ ಕೊನೆಯ ಹಾಳೆ: 'ನಿಮ್ಮ ಸಿಮೆಂಟು ಮುಗಿಯಿತು. ಒಂದು ಮೂಟೆ ಬಿಚ್ಚದೆ ಇಟ್ಟಿದ್ದೇನೆ.'

ಫೈಲು ಮುಚ್ಚಿ ಅತ್ತೆಯ ಮುಖ ನೋಡಿದೆ. ಈಗಲೂ ಆ ಮೂಟೆ ಅಲ್ಲಿದೆಯೆಂದು ನಂಬಿ ಬದುಕುತ್ತಿದ್ದಳು. ಮಳೆಗಾಲ ಬಂದಾಗ ಬೆಳಗಿನ ಹೊತ್ತು ಕಿಟಕಿ ಬಳಿ ನಿಂತು, "ಗೋದಾಮು ರಿಪೇರಿ ಮಾಡ್ಸಿದಾರೋ ಇಲ್ವೋ" ಎಂದು ಅವಳು ಯಾಕೆ ಗೊಣಗುತ್ತಿದ್ದಳೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವ ಗೋದಾಮು ಎಂದು ಅಪ್ಪ ಒಮ್ಮೆ ಕೇಳಿದ್ದ. ನಮ್ಮದೇ, ಇನ್ಯಾರದು ಎಂದಿದ್ದಳು. ಇದನ್ನೆಲ್ಲ ನೆನೆದು ಅಂದು ನನಗೆ ಅಳು ಬಂತು. ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಹೋದ ವರ್ಷ, ಆ ಬುಧವಾರದಿಂದ ಏಳು ವರ್ಷಕ್ಕೆ, ಬಂದರಿನಿಂದ ಒಂದು ಡಬ್ಬಿ ಬಂತು. ಒಳಗೆ ಎರಡು ಕಿಲೋದಷ್ಟು ಸಿಮೆಂಟು, ಜೊತೆಗೆ ಫಾರಂ. ಬರವಣಿಗೆ ಬೇರೆಯವರದು. ಗೋದಾಮು ಖಾಲಿ ಮಾಡುವಾಗ ಒಂದು ಪೀಪಾಯಿಯೊಳಗೆ ಟಾರ್ಪಾಲಿನಲ್ಲಿ ಸುತ್ತಿದ ಹಳೆಯ ಮೂಟೆ ಸಿಕ್ಕಿತಂತೆ. ಮೇಲೆ 'ಬಿಚ್ಚಬಾರದು' ಎಂದು ಹಿಂದಿನ ಅಧಿಕಾರಿ ಬರೆದಿದ್ದರಂತೆ. ಅವರು ನಿವೃತ್ತರಾಗಿ ಎರಡು ವರ್ಷವಾಯಿತು. ಮೂಟೆ ನಿಮ್ಮದು, ಬಳಸಬಹುದೇ ಎಂದು ಪರೀಕ್ಷೆ ಮಾಡಿ ತಿಳಿಸಿ ಎಂದಿತ್ತು.

ಅತ್ತೆ ಫಾರಂ ಓದಿ ಡಬ್ಬಿಯ ಮೇಲೆ ಕೈ ಇಟ್ಟು ನಿಂತಳು. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

ನಾನು ಹೊರಗೆ ಹೋಗಿ ಬಂದರಿಗೆ ಫೋನ್ ಮಾಡಿದೆ. ಅವರು ಈಗ ಎಲ್ಲಿದ್ದಾರೆ ಎಂದು ಕೇಳಿದೆ. ವಿಳಾಸ ಬಿಟ್ಟು ಹೋಗಿಲ್ಲ ಎಂದರು. ಮನೆಯವರು ಯಾರಾದರೂ ಎಂದರೆ, ಒಬ್ಬರೇ ಇದ್ದರಲ್ಲ ಎಂದರು. ಆಗೊಮ್ಮೆ ಈಗೊಮ್ಮೆ ದಕ್ಕೆಯ ಕಡೆ ಯಾರೋ ಅವರನ್ನು ನೋಡಿದ್ದುಂಟು, ಖಚಿತವಾಗಿ ಹೇಳಲಾರೆವು ಎಂದರು. ಇಷ್ಟನ್ನೂ ಅತ್ತೆಗೆ ಹೇಳಿದೆ. ಕೇಳಿಸಿಕೊಂಡು ತಟ್ಟೆ ತೆಗೆದಳು.

ಸಿಮೆಂಟು ಸುರಿದಳು. ಉಬ್ಬುತಗ್ಗು ಹಾಗೇ ಬಿಟ್ಟಳು. ಹನಿ ಬಿಟ್ಟು ಸ್ಟೂಲಿನ ಮೇಲೆ ಕೂತಳು. ಅವಳು ಕರೆಯಲಿಲ್ಲ, ನಾನೇ ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಏಳು ವರ್ಷ ಸಮುದ್ರದ ಗಾಳಿಯಲ್ಲಿದ್ದ ಸಿಮೆಂಟು ಅದು. ಐದು ನಿಮಿಷವಾಯಿತು. ಆರಾಯಿತು. ಹನಿಗಳು ಗುಂಡಗೆ ನಿಂತೇ ಇದ್ದವು. ಹತ್ತು ನಿಮಿಷವಾದರೂ ಅತ್ತೆ ಏಳಲಿಲ್ಲ. ಅಂದು ನಾನೂ ಗಡಿಯಾರದ ಮಾತೆತ್ತಲಿಲ್ಲ.

ಕ್ಯೂಬು ಮಾಡಿ ನೀರಿಗೆ ಇಟ್ಟೆವು. ಇಪ್ಪತ್ತೆಂಟು ದಿನ ಅತ್ತೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ತೊಟ್ಟಿಯ ನೀರು ನೋಡುತ್ತಿದ್ದಳು. ಕೊನೆಗೆ ಒಡೆದು ನೋಡಿದಾಗ ಬಲ ಕಡಿಮೆಯಾಗಿತ್ತು, ಆದರೆ ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಇನ್ನು ಫಾರಂ ತುಂಬಬೇಕು. ಅದರಲ್ಲಿರುವುದು ಎರಡೇ ಮಾತು, ಯೋಗ್ಯ ಅಥವಾ ಅಯೋಗ್ಯ. ಯೋಗ್ಯ ಎಂದರೆ ಮೂಟೆಯನ್ನು ಕಲಸಿ ಮುಗಿಸುತ್ತಾರೆ. ಅಯೋಗ್ಯ ಎಂದರೆ ಎಸೆಯುತ್ತಾರೆ. ಎಲ್ಲಿಯಾದರೂ ಒಂದು ಮೂಟೆ ತನಗಾಗಿ ಬಿಚ್ಚದೆ ಇದೆ ಎನ್ನುವುದು ಎರಡರಲ್ಲೂ ಇಲ್ಲವಾಗುತ್ತಿತ್ತು.

"ಅಯೋಗ್ಯ ಅಂತ ಬರಿ ಅತ್ತೆ" ಎಂದೆ. "ಎಸೀಬೇಡಿ, ವಾಪಸ್ ಕಳ್ಸಿ ಅಂತ ನಾನು ಹೇಳ್ತೀನಿ. ಮನೇಲಿ ಇಟ್ಕೊಳ್ಳೋಣ."

"ಹನಿ ನಿಂತಿದೆ ಕಣೇ."

"ನಿಂತಿರ್ಲಿ. ಯಾರಿಗೆ ಗೊತ್ತಾಗತ್ತೆ?"

"ಸರಿಯಾಗಿರೋದನ್ನ ಸರಿಯಿಲ್ಲ ಅಂತ ಒಂದ್ಸಲ ಬರ್ದಾಗಿದೆ" ಎಂದಳು. "ಇನ್ನೊಂದ್ಸಲ ಬರೆಯಲ್ಲ."

ಯೋಗ್ಯ ಎಂದು ಬರೆದಳು. ಪೆನ್ನು ಕೆಳಗಿನ ಖಾನೆಗೆ ಬಂದು ನಿಂತಿತು. ಏಳು ವರ್ಷದಿಂದ ಅವಳೂ ಅಲ್ಲಿ 'ಇಲ್ಲ' ಎಂದೇ ಬರೆಯುತ್ತಿದ್ದಳು. ಅಂದು ಬರೆದಳು: 'ದಕ್ಕೆಯ ಮೆಟ್ಟಿಲು ರಿಪೇರಿ ಇದ್ದರೆ ಅಲ್ಲಿ ಬಳಸಿ.'

ಎರಡು ತಿಂಗಳ ಮೇಲೆ ಸ್ವೀಕೃತಿ ಬಂತು. ಹೊಸ ಅಧಿಕಾರಿ ಅಚ್ಚುಕಟ್ಟಾಗಿ ಬರೆದಿದ್ದ: 'ಬಳಸಲಾಯಿತು. ದಕ್ಕೆಯ ಮೆಟ್ಟಿಲು, ಮೂರನೆಯದು.' ಅತ್ತೆ ಓದಿದಳು, ಹಾಳೆ ತಿರುಗಿಸಿ ಹಿಂಬದಿ ನೋಡಿದಳು, ಮತ್ತೆ ಓದಿದಳು. ಅವಳಿಗೆ ಸಿಟ್ಟು ಬಂದದ್ದು ಆಗ.

"ಇದೂ ಒಂದು ವರದಿನಾ? ಮೇಲಿಂದ ಮೂರನೇದೋ ಕೆಳಗಿಂದ ಮೂರನೇದೋ, ಬರ್ದೇ ಇಲ್ಲ ನೋಡು."

"ಫೋನ್ ಮಾಡಿ ಕೇಳ್ಲಾ?"

"ಬೇಡ." ಹಾಳೆಯನ್ನು ಮಡಚಿ ಬಂದರಿನ ಫೈಲಿಗೆ ಸೇರಿಸಿದಳು. ಬಟ್ಟೆ ಸುತ್ತಿದಳು. ಆಮೇಲೆ ಎಂದಳು, "ಇಂಥದ್ದನ್ನ ಕೇಳಿ ತಿಳ್ಕೊಳ್ಳೋಕಾಗಲ್ಲ. ಹೋಗಿ ನೋಡ್ಬೇಕು."

ಮೂವತ್ತು ದಿನ ರಜೆ ಬಾಕಿಯಿದ್ದರೂ ನಾಲ್ಕೇ ದಿನ ಕೇಳಿದಳು. ರಜೆ ಅರ್ಜಿಯಲ್ಲಿ ಕಾರಣ ಎಂಬಲ್ಲಿ 'ಮೆಟ್ಟಿಲು ನೋಡಲು' ಎಂದು ಬರೆದಿದ್ದಳು. ಮ್ಯಾನೇಜರ್ ಅದನ್ನು ಓದಿ ಸಹಿ ಹಾಕಿದರು.

ಹೊರಡುವ ದಿನ ಬೆಳಿಗ್ಗೆ ಅವಳ ಕೋಣೆಗೆ ಹೋದೆ. ಚಿಕ್ಕ ಚೀಲ ತಯಾರಾಗಿತ್ತು. ಅಟ್ಟದಿಂದ ಇಳಿಸಿದ ಚಾಪೆಯೊಂದನ್ನು ಮಂಚದ ಮೇಲೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಧೂಳು ಒರೆಸುತ್ತಿದ್ದಳು.

"ಇದನ್ನ ಯಾಕೆ ಹೊತ್ಕೊಂಡ್ ಹೋಗ್ತೀಯಾ ಅತ್ತೆ, ಅಷ್ಟು ದೂರ?"

"ಮೆಟ್ಟಿಲು ಒದ್ದೆ ಇರುತ್ತೆ ಕಣೇ" ಎಂದಳು. "ಆಗ್ಲೇ ಬರ್ದಿದ್ದೆನಲ್ಲ ಅವ್ರಿಗೆ."

ಚಾಪೆ ಇಬ್ಬರು ಕೂರುವಷ್ಟು ಅಗಲವಿತ್ತು. ನಾನು ಅದನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಬಸ್ ನಿಲ್ದಾಣದ ತನಕ ಹೊತ್ತುಕೊಂಡು ಹೋದೆ.